ಅಕ್ಕ ಒಪ್ಪಿಕೊಂಡ ದಿನ

ಅಕ್ಕ ಮಕ್ಕಳ ಆಸ್ಪತ್ರೆಯಲ್ಲಿ ನರ್ಸು, ತಮ್ಮ ಕಾಲೇಜಿನಲ್ಲಿ ತತ್ವಶಾಸ್ತ್ರದ ಮೇಷ್ಟ್ರು. ದೇವರಿಲ್ಲ ಎಂದು ಸಾಧಿಸುವುದು ತಮ್ಮನಿಗೆ ನೀರು ಕುಡಿದಷ್ಟು ಸುಲಭ. ಅಕ್ಕನ ಮನೆಗೆ ಊಟಕ್ಕೆ ಹೋದಾಗಲೆಲ್ಲ ಅದೇ ರಾಗ.

"ಅವನು ಸರ್ವಶಕ್ತನಾದ್ರೆ ನಿನ್ನ ವಾರ್ಡಿನ ಕೂಸುಗಳ ನೋವು ತಡೀಬಹುದಿತ್ತು. ಕರುಣೆ ಇದ್ದಿದ್ರೆ ತಡೀತಿದ್ದ. ತಡೆದಿಲ್ಲ. ಇನ್ನೇನು ಉಳೀತು?"

"ನಿನ್ನ ತಟ್ಟೇಲಿರೋದು ಉಳೀತು. ಆರೋ ಮುಂಚೆ ಉಣ್ಣು," ಎಂದು ಅಕ್ಕ ನಗುತ್ತಿದ್ದಳು.

ಆಮೇಲೆ ಅಕ್ಕನ ಒಬ್ಬಳೇ ಮಗಳಿಗೆ ಮೂಳೆಯ ಕ್ಯಾನ್ಸರ್ ಬಂತು. ಹನ್ನೊಂದು ತಿಂಗಳು ಅಕ್ಕ ಮಗಳ ಮಂಚದ ಪಕ್ಕ ಕೂತು ಪ್ರಾರ್ಥಿಸಿದಳು. ತಮ್ಮ ಅಷ್ಟು ದಿನವೂ ವಾದದ ಸೊಲ್ಲೆತ್ತಲಿಲ್ಲ. ವೈದ್ಯರು ಹುಡುಗಿಯ ಕಾಲು ತೆಗೆದರು. ಆದರೂ ಅವಳು ಉಳಿಯಲಿಲ್ಲ.

ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಅಕ್ಕ ಯೂನಿಫಾರಂನಲ್ಲೇ ಕಾಲೇಜಿಗೆ ಬಂದು ಅವನ ಎದುರಿನ ಕುರ್ಚಿಯಲ್ಲಿ ಕೂತಳು.

"ನೀನೇ ಸರಿ ಕಣೋ. ಯಾರೂ ಇಲ್ಲ."

ಮೂವತ್ತು ವರ್ಷ ಕಾದಿದ್ದ ಮಾತು. ಆದರೆ ಅದನ್ನು ಕೇಳಿದ್ದೇ, ಹುಟ್ಟಿದಾಗಿನಿಂದ ಮೊದಲ ಸಲ ಅವನು ದೇವರ ಪರ ವಕಾಲತ್ತಿಗೆ ನಿಂತ.

"ಹಾಗಲ್ಲಕ್ಕ. ನಮ್ಮ ಬುದ್ಧಿಗೆ ನಿಲುಕದ ಕಾರಣ ಏನಾದ್ರೂ ಇರಬಹುದು."

"ಗೊತ್ತಿಲ್ಲದ್ದನ್ನ ಕಾರಣ ಅಂತ ಕರೀಬೇಡ ಅಂತಿದ್ದೋನು ನೀನೇ."

"ನೋವಿನಿಂದ ಮನುಷ್ಯ ಪಕ್ವ ಆಗ್ತಾನೆ ಅಂತಾರೆ..."

"ಕೊನೇ ವಾರ ಅವಳು ನನ್ನ ಗುರುತೇ ಹಿಡೀಲಿಲ್ಲ. ಪಕ್ವ ಆಗಿದ್ದು ಯಾರು, ನಾನಾ? ನನಗೆ ಬುದ್ಧಿ ಕಲಿಸೋಕೆ ಅವಳ ಕಾಲು ಕೊಯ್ಯಬೇಕಿತ್ತಾ?"

ಇಷ್ಟು ವರ್ಷ ಕಿವಿಗೇ ಹಾಕಿಕೊಳ್ಳದವಳಂತಿದ್ದ ಅಕ್ಕ ಒಂದಕ್ಷರವನ್ನೂ ಬಿಟ್ಟಿರಲಿಲ್ಲ.

"ಸರಿ, ಇಲ್ಲ ಅಂತಾಯ್ತು. ಮುಂದಿನ ಪಾಠ ಹೇಳು. ಬೆಳಗ್ಗೆ ಎದ್ದು ಏನು ಮಾಡ್ಬೇಕು?"

"ಮುಂದಿನ ಪಾಠ ಇಲ್ಲಕ್ಕ," ಎಂದ.

"ಹಾಗೇ ಅಂದ್ಕೊಂಡಿದ್ದೆ." ಅವಳು ಬ್ಯಾಗು ಹೆಗಲಿಗೇರಿಸಿದಳು. ಮೂರು ಗಂಟೆಗೆ ಡ್ಯೂಟಿ ಇತ್ತು.

ಬಸ್ ಸ್ಟಾಪಿನವರೆಗೆ ಅವನೂ ನಡೆದ. "ನಾಲ್ಕು ದಿನ ನಿನ್ನ ಮನೇಲೇ ಇರ್ತೀನಿ," ಎಂದ.

"ಬಾ. ಬಂದು ಏನ್ ಮಾಡ್ತೀಯ?"

ಕುಹಕವಿರಲಿಲ್ಲ. ನಿಜವಾಗಿಯೂ ಕೇಳಿದ್ದಳು. ಅಷ್ಟರಲ್ಲಿ ಬಸ್ಸು ಬಂತು. ಅಕ್ಕ ಹತ್ತಿ, ಕಿಟಕಿಯ ಪಕ್ಕ ಕೂತು, ಮುಂದಿನ ಸೀಟಿನ ಬೆನ್ನನ್ನೇ ನೋಡುತ್ತ ಹೋದಳು.