ಅಪ್ಪನ ಉಲ್ಟಾ ಕೈ

ಆ ಕ್ಷೌರದಂಗಡಿಗೆ ಜನ ಗಡ್ಡ ತೆಗೆಸಲು ಎಷ್ಟು ಬರುತ್ತಿದ್ದರೋ, ಕ್ಷೌರಿಕನ ಮಾತು ಕೇಳಲೂ ಅಷ್ಟೇ ಬರುತ್ತಿದ್ದರು. ಕತ್ತಿ ಗಂಟಲ ಮೇಲಿರುವಾಗ ಗಿರಾಕಿಗೆ ನಗು ಬರಬೇಕು, ಆದರೆ ಅವನು ಅಲುಗಾಡಬಾರದು. ಅಂಥ ಹದದ ಮಾತು ಅವನೊಬ್ಬನಿಗೇ ಗೊತ್ತಿತ್ತು. ಮಾತಿಗೆ ಸಾಮಾನು ಬೇಕಲ್ಲ? ಹೆಂಡತಿ, ಭಾವಮೈದುನ, ಎದುರುಮನೆ ಮೇಷ್ಟ್ರು, ಯಾರನ್ನೂ ಬಿಟ್ಟವನಲ್ಲ. ಕೊನೆಗೆ ಮಗಳನ್ನೂ ಬಿಡಲಿಲ್ಲ.

ಹದಿಮೂರರ ಮಗಳು ಶಾಲೆ ಮುಗಿಸಿ ಮನೆಯ ಬೀಗದ ಕೈ ಒಯ್ಯಲು ಅಂಗಡಿಗೆ ಬಂದಿದ್ದಳು. ಅವನು ನೊರೆ ಕಲಸುತ್ತಿದ್ದಾಗ ಪಕ್ಕಕ್ಕೆ ಬಂದು, ಯಾರಿಗೂ ಕೇಳಿಸದ ಹಾಗೆ ಕೇಳಿದಳು.

"ಅಪ್ಪಾ, ಕಾಲಿನ ಕೂದಲು ತೆಗೆಯೋದು ಹೇಗೆ?"

ಅವನು ಸರದಿಗೆ ಕಾದು ಬೆಂಚಿನ ಮೇಲೆ ಕುಳಿತವರ ಕಡೆ ತಿರುಗಿದ. "ಕೇಳಿದ್ರಾ? ನಮ್ಮನೇಲೇ ಒಬ್ಬ ಗಿರಾಕಿ ಹುಟ್ಟಿದಾಳೆ. ತಡಿ ತಾಯಿ, ಮೊದಲು ಮೀಸೆ ಬರಲಿ, ಎರಡನ್ನೂ ಸೇರಿಸಿ ತೆಗೆದುಬಿಡ್ತೀನಿ."

ಬೆಂಚಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮಗಳೂ ನಕ್ಕಳು. ಆಮೇಲೆ ಬೆಂಚಿನ ತುದಿಯಲ್ಲಿ ಕುಳಿತು ಅವನ ಕೈಯನ್ನೇ ನೋಡುತ್ತಿದ್ದಳು. ಅಪ್ಪನ ಕೆಲಸ ಕಂಡರೆ ಹುಡುಗಿಗೆ ಹೆಮ್ಮೆ ಅಂದುಕೊಂಡು ಅವನು ಇನ್ನೂ ಉತ್ಸಾಹದಿಂದ ಮಾತಿಗಿಳಿದ.

ಮುಂದಿನ ವಾರ ರಜೆಯ ದಿನ ಹೆಂಡತಿ ಅವನನ್ನು ಅಡುಗೆಮನೆಗೆ ಕರೆದಳು. "ರೀ, ಇಷ್ಟು ಸೆಕೇಲೂ ನಿಮ್ಮ ಮಗಳು ಉದ್ದ ಪ್ಯಾಂಟು ಬಿಚ್ತಾ ಇಲ್ಲ. ರಾತ್ರಿಯೆಲ್ಲ ಕಾಲು ಕೆರ್ಕೋತಾಳೆ. ನನ್ನನ್ನು ಹತ್ತಿರ ಬಿಡಲ್ಲ. ನೀವೇ ವಿಚಾರಿಸಿ."

ಅವನು ಹೋಗಿ ಗದರದೆ ಕೇಳಿದ. ಅವಳು ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿದಳು. ಕಾಲಿನ ತುಂಬ ಕೆಂಪು ಗುಳ್ಳೆ. ಮೂಳೆಯ ಮೇಲಿನ ತೆಳು ಚರ್ಮ ಅಲ್ಲಲ್ಲಿ ಕಿತ್ತು ಬಂದಿತ್ತು.

"ಇದೇನು ಮಾಡ್ಕೊಂಡೆ ಪುಟ್ಟಿ?"

"ನೀನು ಮಾಡೋ ಹಾಗೇ ಮಾಡ್ದೆ. ಹೊಸ ಬ್ಲೇಡು ಹಾಕಿ, ಮೊದಲು ಕೆಳಮುಖ, ಆಮೇಲೆ ಉಲ್ಟಾ, ಆಮೇಲೆ ಇನ್ನೊಂದ್ಸಲ ಉಲ್ಟಾ. ಪಟಿಕ ಉಜ್ಜಿದೆ. ಗಡ್ಡ ತೆಗೆದ್ಮೇಲೆ ನೀನು ಹಚ್ತೀಯಲ್ಲ, ಆ ವಾಸನೆ ಬಾಟಲೀದು ಹಾಕ್ಕೊಂಡೆ."

"ಉರೀಲಿಲ್ವಾ?"

"ಉರೀತು. ಉರಿದ್ರೇ ಕೆಲಸ ಚೊಕ್ಕಟ ಆಗಿದೆ ಅಂತ ನೀನೇ ಎಲ್ಲರಿಗೂ ಹೇಳ್ತೀಯಲ್ಲ. ಅದಕ್ಕೇ ದಿನಾ ಹಾಕ್ಕೊಂಡೆ."

ಬ್ಲೇಡು ತಾಗಿ ತಾಗಿ ಒರಟಾದ ಕೆನ್ನೆಗಳಿಗೆ ಮಾಡುವುದನ್ನೆಲ್ಲ ಅವಳು ಒಂದೂ ಬಿಡದೆ ತನ್ನ ಎಳೆಯ ಕಾಲಿಗೆ ಮಾಡಿಕೊಂಡಿದ್ದಳು. ಉರಿಯ ಮಾತಂತೂ ಮುಖ ಕಿವುಚುವ ಗಿರಾಕಿಗಳನ್ನು ಸುಮ್ಮನಿರಿಸಲು ಅವನೇ ಕಟ್ಟಿದ ಬುರುಡೆ. ಚೆನ್ನಾಗಿ ನೆನೆಸು, ಕೂದಲು ಬಾಗಿದ ಕಡೆಗೇ ಕೈ ಎಳೆ, ಆ ಬಾಟಲಿ ಮುಟ್ಟಬೇಡ: ಆ ದಿನ ಇಷ್ಟು ಹೇಳಿದ್ದರೆ ಸಾಕಿತ್ತು. ಮೀಸೆಯ ಮಾತಿಗೆ ಖರ್ಚಾದಷ್ಟು ಉಸಿರೂ ಬೇಕಿರಲಿಲ್ಲ. ಊರಿನವರ ಮುಖವನ್ನೆಲ್ಲ ಜೋಪಾನ ಮಾಡಿದ ಕೈ ಸ್ವಂತ ಮಗಳ ಕಾಲು ಸುಲಿದಿದೆ ಅನ್ನಿಸಿ ಅವನಿಗೆ ಅವಳನ್ನು ನೋಡಲಾಗಲಿಲ್ಲ.

ತಣ್ಣೀರಿನಲ್ಲಿ ಮೆತ್ತನೆಯ ಬಟ್ಟೆ ಅದ್ದಿ ಹಿಂಡಿ, ನೆಲದ ಮೇಲೆ ಕುಳಿತು ಅವಳ ಕಾಲಿನ ಮೇಲೆ ಹರಡಿದ. "ಕೆರೀಬೇಡ. ಘಮಘಮ ಅನ್ನೋದು ಯಾವುದನ್ನೂ ಹಚ್ಚಬೇಡ. ಸಡಿಲವಾದ ಬಟ್ಟೆ ಹಾಕ್ಕೋ. ಪೂರ್ತಿ ವಾಸಿಯಾಗೋವರೆಗೆ ಬ್ಲೇಡು ಬೇಡ. ಕೀವು ಕಂಡ್ರೆ ತಕ್ಷಣ ಹೇಳು, ಡಾಕ್ಟರ ಹತ್ರ ಹೋಗೋಣ. ತಪ್ಪು ನಂದೇ ಪುಟ್ಟಿ. ನೀನು ಕೇಳಿದಾಗ ಹೇಳಬೇಕಿತ್ತು."

ಅವಳು ಒದ್ದೆ ಬಟ್ಟೆಯನ್ನೇ ನೋಡುತ್ತಿದ್ದಳು. "ನಾಳೆ ಅಂಗಡೀಲಿ ಇದನ್ನೂ ಹೇಳ್ತೀಯಾ?"

ಛೇ ಇಲ್ಲ ಎನ್ನಲು ಅವನು ಬಾಯಿ ತೆರೆದ. ಆದರೆ ಆಗಷ್ಟೇ, ಬಟ್ಟೆ ಹಿಂಡುವಾಗಲೇ, ನಾಳೆಯ ಬೆಂಚಿಗೆ ಒಂದು ಮಾತು ನಾಲಿಗೆಯ ಮೇಲೆ ತಯಾರಾಗಿತ್ತು. ಎಲ್ಲಿ ನಿಲ್ಲಿಸಿದರೆ ಎಲ್ಲಿ ನಗುತ್ತಾರೆ ಅನ್ನುವುದನ್ನೂ ಲೆಕ್ಕ ಹಾಕಿ ಆಗಿತ್ತು. ಅವನಿಗೆ ತನ್ನ ಬಾಯಿಯ ಮೇಲೇ ಅಸಹ್ಯವಾಯಿತು.

"ಹೇಳ್ಬೇಕು ಅಂತಿದ್ದೆ," ಅಂದ.

ಮಗಳು ಅತ್ತು ಕೂಗಲಿಲ್ಲ. ಅವನ ಕೈಯನ್ನು ಮೆಲ್ಲಗೆ ಸರಿಸಿ ಬಟ್ಟೆಯನ್ನು ತಾನೇ ಹಿಡಿದುಕೊಂಡಳು.

"ನಾನೇ ಇಟ್ಕೋತೀನಿ. ನೀನು ಹೋಗಪ್ಪಾ," ಅಂದಳು.