ಮಾವನ ನಕ್ಷೆ, ಅಳಿಯನ ದಾರಿ

ಭಾವನಿಗೆ ಮೈದುನನ ಮುಖ ಕಂಡರಾಗದು. ಮೈದುನನಿಗೆ ಭಾವನ ಧ್ವನಿ ಕೇಳಿದರಾಗದು. ಅದರಲ್ಲೂ ಆ ಧ್ವನಿ ತೀರಿಹೋದ ತನ್ನಪ್ಪನದಾಗಿದ್ದಾಗ. ಫೋಟೊಗಳಿಗೆ ಕಟ್ಟು ಹಾಕುವ ಅಂಗಡಿಯ ಭಾವ ಯಾರನ್ನು ಬೇಕಾದರೂ ಅಣಕಿಸಬಲ್ಲ; ಸರ್ವೇಯರ್ ಮಾವನ ಗೊಗ್ಗರು ಗಂಟಲಂತೂ ಅವನಿಗೆ ನೀರು ಕುಡಿದಷ್ಟು ಸಲೀಸು.

ಮಾವ ಬಿಟ್ಟುಹೋದದ್ದು ಒಂದು ಹಳೆಯ ನಕ್ಷೆ. ಜನ ಕಾಲಿಡದ ಸರ್ಕಾರಿ ಕಾಡು, ಬೆಟ್ಟದ ಹಿಂದೆ ಬೆಟ್ಟ, ಎತ್ತರ ತೋರಿಸುವ ಕಂದು ಗೆರೆಗಳು. ಅದರ ಮೇಲೆ ಆತ ತಾನೇ ನಡೆದು ಕಂಡುಕೊಂಡ ದಾರಿಯನ್ನು ಪೆನ್ಸಿಲ್ಲಿನಲ್ಲಿ ಗುರುತು ಹಾಕಿದ್ದ. ಅದೇ ದಾರಿಯಲ್ಲಿ ಒಬ್ಬನೇ ಶಿಖರ ಮುಟ್ಟಬೇಕೆಂದು ಮೈದುನನ ಹಟ, ನಾಳೆ ಹೊರಡುವವನು. ನಕ್ಷೆ ಹಾಳಾಗದಿರಲೆಂದು ಅಕ್ಕ ಅದನ್ನು ಕಟ್ಟು ಹಾಕಲು ಗಂಡನ ಕೈಗೆ ಕೊಟ್ಟದ್ದೇ ಎಡವಟ್ಟಾಯಿತು. ಗಾಜು ಹಾಕುವ ಮೊದಲು ಹಳೆಯ ಕಾಗದವನ್ನು ರಬ್ಬರಿನಿಂದ ಉಜ್ಜುವುದು ಅವನ ಕಸುಬಿನ ಅಭ್ಯಾಸ. ದೂರದ ಬೆಟ್ಟ ನುಣ್ಣಗೆ ಅನ್ನುತ್ತಾರೆ; ಭಾವ ಹತ್ತಿರದಿಂದಲೇ ನುಣ್ಣಗೆ ಮಾಡಿಬಿಟ್ಟಿದ್ದ. ಕೊಳೆಯ ಜೊತೆ ದಾರಿಯೂ ಹೋಗಿತ್ತು. ಅಳಿಸಿದೆನೆಂದು ಅಳಿಯ ಒಪ್ಪುವುದುಂಟೇ? ಪೆನ್ಸಿಲ್ ಚೂಪು ಮಾಡಿ, ನೆನಪಿದ್ದಂತೆ ತಾನೇ ಒಂದು ಗೆರೆ ಎಳೆದು ಗಾಜು ಹಾಕಿದ.

ಮೈದುನ ಬಂದವನೇ ನಕ್ಷೆಯ ಮೇಲೆ ಬಗ್ಗಿದ. ಪೆನ್ಸಿಲ್ ಗೆರೆಯ ಗುಂಟ ಬೆರಳಾಡಿಸಿ ಒಂದು ಕಡೆ ನಿಲ್ಲಿಸಿದ.

"ಮಗಾ, ಬೆಟ್ಟಕ್ಕೆ ಬೆನ್ನು ತೋರಿಸಬೇಡ," ಎಂದು ಭಾವ ಮಾವನ ಗಂಟಲಲ್ಲಿ ಗೊಗ್ಗರಿಸಿದ.

"ನಿಮ್ಮ ಗಂಟಲಲ್ಲೇ ಹೇಳಿ ಭಾವ. ಈ ಗೆರೆ ಯಾರದು?"

"ನಿಮ್ಮಪ್ಪಂದು. ಮತ್ತೇನು ನಮ್ಮಪ್ಪಂದಾ?"

"ಇಲ್ಲಿ ಕಂದು ಗೆರೆಗಳ ಮಧ್ಯೆ ಕೂದಲು ತೂರಿಸೋಕೂ ಜಾಗ ಇಲ್ಲ. ಅಂದ್ರೆ ಗೋಡೆಯಂಥ ಪ್ರಪಾತ. ನಮ್ಮಪ್ಪ ನಡೀತಿದ್ರು, ಹಾರ್ತಿರಲಿಲ್ಲ."

"ವಯಸ್ಸಿನಲ್ಲಿ ಹಾರಿರಬಹುದು."

ಗಾಜು ಒರೆಸುತ್ತಿದ್ದ ಅಕ್ಕ ಬಟ್ಟೆ ಕೆಳಗಿಟ್ಟಳು. "ಹಾಗಾದ್ರೆ ನಾಳೆ ನೀವೂ ಹೋಗಿ ಬನ್ನಿ. ಮುಂದೆ ನೀವು, ಹಿಂದೆ ಅವನು."

ಭಾವನ ಬಾಯಲ್ಲಿ ಊರಿನವರ ಧ್ವನಿಯೆಲ್ಲ ಇತ್ತು. ಆ ಗಳಿಗೆಯಲ್ಲಿ ತನ್ನದೇ ಸಿಗಲಿಲ್ಲ.

"ಅದು ನಾನೇ ಎಳೆದದ್ದು," ಎಂದ ಕೊನೆಗೆ. "ಅವರದು ರಬ್ಬರಿಗೆ ಹೋಯ್ತು."

"ಹೋಯ್ತಾ? ನೀವು ಕಳಿಸಿದ್ರಿ. ನನ್ನನ್ನೂ ಕಳಿಸ್ತಿದ್ರಿ."

ಮೈದುನ ಕಟ್ಟಿನ ಹಿಂದಿನ ಮೊಳೆ ಕಿತ್ತು, ನಕ್ಷೆ ಸುತ್ತಿ ಕಂಕುಳಲ್ಲಿಟ್ಟುಕೊಂಡ. "ಗಾಜು ನಿಮಗೇ ಇರಲಿ. ಮುಖ ನೋಡ್ಕೊಳ್ಳೋಕೆ ಬೇಕಾಗುತ್ತೆ."

ಬಾಗಿಲು ದಡಾರನೆ ಬಡಿಯಿತು. ವಾತಾವರಣ ತಿಳಿಯಾಗಲೆಂದು ಭಾವ ಗಂಟಲು ಸರಿಮಾಡಿಕೊಂಡ.

"ನಮ್ಮಪ್ಪನ ದನಿ ಇನ್ನೊಂದ್ಸಲ ಈ ಅಂಗಡೀಲಿ ಕೇಳಿಸಿದ್ರೆ," ಎಂದಳು ಹೆಂಡತಿ, ಮೇಜಿನ ಮೇಲಿದ್ದುದನ್ನು ಎತ್ತಿಕೊಳ್ಳುತ್ತ, "ರಬ್ಬರು ಈಗ ನನ್ನ ಕೈಲಿದೆ."