ಷೋಕೇಸಿನಲ್ಲಿ ಮೂರು ವರ್ಷ

ನಾನು ಒಂದು ಬಾಟಲಿ ಬಿಳಿ ವೈನು. ಬಿಳಿ ಎನ್ನುವುದು ಹೆಸರಿಗೆ ಮಾತ್ರ, ಬಣ್ಣ ಒಣಹುಲ್ಲಿನದು. ಇಟಲಿಯ ಒಂದು ಗುಡ್ಡದಲ್ಲಿ, ಅಸುಂತಾ ಎಂಬ ಮುದುಕಿಯ ತೋಟದಲ್ಲಿ ಹುಟ್ಟಿದೆ. ನನ್ನ ದ್ರಾಕ್ಷಿಗೆ ಆ ಗುಡ್ಡದಾಚೆ ಹೆಸರೂ ಇಲ್ಲ. ಇಳುವರಿ ಸಾಲದೆಂದು ಅಕ್ಕಪಕ್ಕದವರೆಲ್ಲ ಅದನ್ನು ಕಿತ್ತು ಬೇರೆ ಬಳ್ಳಿ ನೆಟ್ಟಿದ್ದರು. ಉಳಿದದ್ದು ಅವಳ ಒಂದು ಸಾಲು. ಅವಳು ಬಳ್ಳಿಗೆ ವಿಷ ಹೊಡೆಯಲಿಲ್ಲ, ಕೆಡದಂತೆ ತಡೆಯುವ ಪುಡಿಯನ್ನು ನನಗೂ ಹಾಕಲಿಲ್ಲ. ಅಂಥ ವೈನಿಗೆ ಬಿಸಿಲು, ಗಾಳಿ ಎರಡೂ ಆಗದು.

ಆ ಊರ ಇಗರ್ಜಿಯ ಪಾದ್ರಿ ನಮ್ಮ ಮಂಗಳೂರು ಕಡೆಯವರು, ಫಾದರ್ ವಲೇರಿಯನ್. ಅವರು ರಜೆಗೆ ಊರಿಗೆ ಹೊರಟಾಗ ಅಸುಂತಾ ನನ್ನನ್ನು ಕೈಗಿತ್ತಳು.

“ಮೂರು ವರ್ಷ ಇಟ್ಟರೇ ಇದಕ್ಕೆ ರುಚಿ. ತಂಪಿನಲ್ಲಿ, ಕತ್ತಲಲ್ಲಿ ಮಲಗಿಸಿಡಿ. ನಿಮ್ಮೂರಲ್ಲಿ ನಿಮ್ಮ ಗುರುದೀಕ್ಷೆಯ ಇಪ್ಪತ್ತೈದನೇ ವರ್ಷದ ಪೂಜೆಗೆ ತೆಗೆಯಿರಿ. ಚೆನ್ನಾಗಿದ್ದರೆ ಸಾಲು ಉಳಿಸುತ್ತೇನೆ. ಇಲ್ಲದಿದ್ದರೆ ನನಗೂ ಸಾಕಾಗಿದೆ, ಕೀಳಿಸಿಬಿಡುತ್ತೇನೆ.”

ಫಾದರ್ ನನ್ನನ್ನು ಕಿನ್ನಿಗೋಳಿಯಲ್ಲಿದ್ದ ತಮ್ಮ ಅಕ್ಕ ಸೆವೆರಿನ್ ಬಾಯಿಯ ಕೈಗೆ ಒಪ್ಪಿಸಿ, ಎಲ್ಲ ಹೇಳಿ ಹೋದರು. ಅಕ್ಕ ಎರಡು ದಿನ ನನ್ನನ್ನು ಮಂಚದಡಿ ಮಲಗಿಸಿದರು. ಮೂರನೆಯ ದಿನ ಮನಸ್ಸು ತಡೆಯಲಿಲ್ಲ.

“ಇಟೆಲಿಯದ್ದನ್ನು ಮಂಚದ ಅಡಿಯಲ್ಲಿ ಇಡುದಾ? ಯಾರಿಗೆ ಕಾಣ್ತದೆ ಮಾರಾಯ್ತಿ?” ಎಂದು ನೆರೆಮನೆಯವಳಿಗೆ ಹೇಳಿ, ಪಡಸಾಲೆಯ ಷೋಕೇಸಿನಲ್ಲಿ ಖಾಲಿ ಸೆಂಟು ಬಾಟಲಿಗಳ ಜೊತೆ ನೆಟ್ಟಗೆ ನಿಲ್ಲಿಸಿದರು.

ಸಂಜೆ ಬಿಸಿಲು ನೇರ ನನ್ನ ಮೇಲೆ. ಕಾರ್ಕು ಒಣಗಿತು, ಗಾಳಿ ಒಳಬಂತು. ಸೆವೆರಿನ್ ಬಾಯಿ ಶನಿವಾರ ಶನಿವಾರ ನನ್ನನ್ನು ಒರೆಸಿದರು, ಬಂದವರಿಗೆಲ್ಲ ತೋರಿಸಿದರು. ಇಷ್ಟು ಪ್ರೀತಿಯಿಂದ ಯಾರೂ ಯಾರನ್ನೂ ಹಾಳು ಮಾಡಿರಲಾರರು.

ಮೂರು ವರ್ಷ ಕಳೆದು ಆ ದಿನ ಬಂತು, ಫಾದರೂ ಊರಿಗೆ ಬಂದರು. ಪೂಜೆಗೆ ಮುಂಚೆ ಫಾದರ್ ಕಾರ್ಕು ತೆಗೆದು ಮೂಸಿದರು, ಒಂದು ಹನಿ ನಾಲಿಗೆಗೆ ಹಚ್ಚಿದರು. ನಾನು ವಿನೆಗರ್ ಆಗಿದ್ದೆ. ಹುಳಿಯಾದ ವೈನು ಪೂಜೆಯ ಬಟ್ಟಲಿಗೆ ಸಲ್ಲದು. ಇಗರ್ಜಿಯ ಮಾಮೂಲಿ ವೈನಿನಲ್ಲೇ ಪೂಜೆ ಮುಗಿಯಿತು.

ಮನೆಗೆ ಬಂದದ್ದೇ ಸೆವೆರಿನ್ ಬಾಯಿ ಅತ್ತುಬಿಟ್ಟರು. “ನಾನೇ ಹಾಳು ಮಾಡಿದ್ದು ಫಾದರ್. ಆ ಅಜ್ಜಿಗೆ ಇನ್ನು ಎಂತ ಹೇಳುದು?” ದೀಕ್ಷೆಯಾದ ದಿನದಿಂದ ಅವರಿಗೆ ಸ್ವಂತ ತಮ್ಮನೂ ಫಾದರೇ.

ಒಲೆಯ ಮೇಲೆ ಇಂದಾದ್ ಎಂಬ ಹಂದಿಮಾಂಸದ ಹುಳಿಖಾರದ ಪದಾರ್ಥ ಬೇಯುತ್ತಿತ್ತು.

“ಬಾಯಿ, ಅದಕ್ಕೆ ವಿನೆಗರ್ ಹಾಕಿ ಆಯ್ತಾ?” ಫಾದರ್ ಕೇಳಿದರು.

“ಇಲ್ಲ.”

“ಹಾಗಾದ್ರೆ ಇದನ್ನೇ ಹಾಕು.”

ಅರ್ಧ ಬಾಟಲಿ ಪಾತ್ರೆಗಿಳಿದೆ. ಊಟ ಮುಗಿಯುವಷ್ಟರಲ್ಲಿ ಅಸುಂತಾಳ ಫೋನು. ಹೇಗಿತ್ತು ಎಂದು ಕೇಳಿದಳು. ಫಾದರ್ ಸುಳ್ಳು ಹೇಳುವವರಲ್ಲ. ಖಾಲಿಯಾದ ಪಾತ್ರೆಯತ್ತ ನೋಡಿದರು.

“ಅಸುಂತಾ, ಎಲ್ಲರೂ ಎರಡೆರಡು ಸಲ ಹಾಕಿಸಿಕೊಂಡರು.”

ಆ ಕಡೆ ಮೂಗು ಒರೆಸಿಕೊಂಡದ್ದು ಕೇಳಿಸಿತು. “ಹಾಗಾದರೆ ಸಾಲು ಇರಲಿ. ಮುಂದಿನ ಸಲ ಇನ್ನೊಂದು ಕೊಡುತ್ತೇನೆ.”

ಉಳಿದರ್ಧ ನಾನು ಈಗ ಅಡುಗೆಮನೆಯ ಕಪಾಟಿನಲ್ಲಿ, ಉಪ್ಪಿನ ಭರಣಿಯ ಹಿಂದೆ ಇದ್ದೇನೆ. ಇಲ್ಲಿ ತಂಪು, ಕತ್ತಲು. ಬಟ್ಟಲು ಸೇರಬೇಕಿದ್ದವನು ಪಾತ್ರೆ ಸೇರಿದ್ದಕ್ಕೆ ಬೇಸರವಿಲ್ಲ ಎಂದರೆ ಸುಳ್ಳಾದೀತು. ಆದರೆ ಗುಡ್ಡದ ಮೇಲೆ ಬಳ್ಳಿಗಳಿವೆ. ಸೆವೆರಿನ್ ಬಾಯಿ ಮಂಚದಡಿಯ ಜಾಗವನ್ನು ಈಗಲೇ ಗುಡಿಸಿಟ್ಟಿದ್ದಾರೆ.